ಮತ್ತಿಮರದ ಬಾಣಂತಿ

ನಾನು ಒಂದು ಪೊಟರೆ. ಕಲಘಟಗಿ ಕಡೆಯ ಒಂದು ಹೊಲದ ಬದುವಿನಲ್ಲಿರುವ ಹಳೇ ಮತ್ತಿಮರದಲ್ಲಿದ್ದೇನೆ. ಎಲ್ಲರೂ ಬೆಳೆದು ದೊಡ್ಡವರಾಗುತ್ತಾರೆ, ನಾನು ಕೊಳೆತು ದೊಡ್ಡವನಾದೆ. ಗಾಳಿಗೆ ಕೊಂಬೆ ಮುರಿದ ಗಾಯದಲ್ಲಿ ಮಳೆನೀರು ಇಳಿಯಿತು. ಮರಕುಟಿಗ ಕುಕ್ಕಿ ಕುಕ್ಕಿ ನನಗೊಂದು ಬಾಯಿ ಮಾಡಿತು. ಮೊದಲು ಗಿಳಿಗಳು ಸಂಸಾರ ಹೂಡಿದವು, ಆಮೇಲೆ ಗೂಬೆಗಳು.

ರಸ್ತೆ ಅಗಲ ಮಾಡುವಾಗ ಸುತ್ತಲಿನ ಮುದಿ ಮರಗಳೆಲ್ಲ ಉರುಳಿದವು. ಅವುಗಳ ಪೊಟರೆಗಳೂ ಹೋದವು. ಮಂಗಟ್ಟೆ ಹಕ್ಕಿಯ ಜೋಡಿಯೊಂದು ಎಲ್ಲೆಲ್ಲೋ ಅಲೆದು ನನ್ನ ಬಳಿ ಬಂತು. ಮೊಟ್ಟೆಯಿಟ್ಟು ಮರಿ ಮಾಡಲು ಹೆಣ್ಣು ಒಳಗೆ ಕುಳಿತು, ಮಣ್ಣು, ಹಿಕ್ಕೆ ಮೆತ್ತಿ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಿತು. ಕೊಕ್ಕು ಚಾಚುವಷ್ಟು ಸೀಳು ಮಾತ್ರ ಉಳಿಯಿತು. ಗಂಡು ಅದರಲ್ಲೇ ಆಲದ ಹಣ್ಣು ಉಣಿಸುತ್ತಿತ್ತು. ಅಷ್ಟು ನಂಬಿ ನನ್ನೊಳಗೆ ಯಾರೂ ಕುಳಿತಿರಲಿಲ್ಲ. ನನಗೆ ಬಹಳ ಹೆಮ್ಮೆಯಾಗಿತ್ತು.

ಪಕ್ಕದ ಮನೆ ನೀಲವ್ವನದು. ಆಕೆಯ ಮಗಳು ಕಲಾವತಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕಿಟಕಿಗೆ ಗೋಣಿ ಕಟ್ಟಿ, ಕಿವಿಗೆ ಅರಿವೆ ಬಿಗಿದು, ಗಾಳಿ ಸೋಕದಂತೆ ಆಕೆಯನ್ನು ಕಾಯುತ್ತಿದ್ದರು. ಸಂಜೆಯಾದರೆ ಕೂಸು ಒಂದೇ ಸಮನೆ ಅಳುತ್ತಿತ್ತು. ಅದೇ ಹೊತ್ತಿಗೆ ಹಕ್ಕಿ ಒಳಗಿನಿಂದ ಮಣ್ಣು ಮೆತ್ತುವ ಟಕ್ ಟಕ್ ಸದ್ದು ಕೇಳುತ್ತಿತ್ತು. ಮರದ ಹೊಟ್ಟೆಯೊಳಗೆ ಬಡಿಯುವುದು ದೆವ್ವವಲ್ಲದೆ ಇನ್ನೇನು ಎಂದು ನೀಲವ್ವ ತೀರ್ಮಾನಿಸಿದಳು. ಕಾಂಡಕ್ಕೆ ಮೊಳೆ ಹೊಡೆಸಿದಳು, ನಿಂಬೆಹಣ್ಣು ಕಟ್ಟಿಸಿದಳು. ಸದ್ದು ನಿಲ್ಲಲಿಲ್ಲ. ಕೊನೆಗೆ ಗೌಂಡಿ ಫಕ್ಕೀರಪ್ಪ ಏಣಿ ಹಾಕಿ, ದೆವ್ವದ ಬಾಗಿಲು ಇದೇ ಎಂದು ಆ ಸೀಳಿಗೆ ಸಿಮೆಂಟು ಬಳಿದ. ನನಗೆ ಬಾಯಿತ್ತು, ಕೂಗಲು ಬರಲಿಲ್ಲ.

ನಾಲ್ಕು ದಿನ ಟಕ್ ಟಕ್ ಕೇಳಿತು. ಐದನೆಯ ದಿನ ನಿಂತಿತು. ಕಾಕತಾಳೀಯವೆಂಬಂತೆ ಕೂಸಿನ ಅಳುವೂ ನಿಂತಿತು. ನೀಲವ್ವ ಬೆಲ್ಲ ಹಂಚಿದಳು.

ಗಂಡು ಮಾತ್ರ ಬರುತ್ತಲೇ ಇತ್ತು. ಹಣ್ಣನ್ನು ಸಿಮೆಂಟಿಗೆ ಒತ್ತುವುದು, ಅದು ಕೆಳಗೆ ಬೀಳುವುದು, ಮತ್ತೊಂದು ತರುವುದು. ಒಂದು ಮಧ್ಯಾಹ್ನ ಕೂಸಿನ ಬಟ್ಟೆ ಒಣಹಾಕಲು ಬಂದ ನೀಲವ್ವ ಬುಡದಲ್ಲಿ ಬಿದ್ದ ಹಣ್ಣುಗಳನ್ನು ಕಂಡು ತಲೆಯೆತ್ತಿದಳು. ಗಂಡುಹಕ್ಕಿ ಇನ್ನೊಂದು ಹಣ್ಣನ್ನು ಸಿಮೆಂಟಿಗೆ ಒತ್ತುತ್ತಿರುವುದನ್ನು ನೋಡಿದಳು. ಆಮೇಲೆ ಫಕ್ಕೀರಪ್ಪನನ್ನು ಕರೆಸಿ ಸಿಮೆಂಟು ಒಡೆಸಿದಳು. ಅವನು ತೆಗೆದುಕೊಟ್ಟದ್ದನ್ನು ಸೆರಗಿನಲ್ಲಿ ಹಿಡಿದಳು. ಒಣಗಿದ ಹಕ್ಕಿ, ಅದರ ಹೊಟ್ಟೆಯಡಿ ಎರಡು ಮರಿ.

"ಒಂದ ಬಾಣಂತೀನ ಕಾಯಾಕ ಹೋಗಿ ಇನ್ನೊಂದ ಬಾಣಂತೀನ ಕೊಂದೆನಲ್ಲೋ ಫಕ್ಕೀರಪ್ಪಾ," ಎಂದಳು.

ನನಗೀಗ ವಯಸ್ಸಾಗಿದೆ. ಬಾಯಿ ತೆರೆದೇ ಇದೆ, ಯಾವ ಹಕ್ಕಿಯೂ ಒಳಗೆ ಬರುವುದಿಲ್ಲ. ರಜೆಗೆ ಬರುವ ಮೊಮ್ಮಗಳನ್ನು ನೀಲವ್ವ ಸಂಜೆಯ ಮೇಲೆ ಈ ಕಡೆ ಸುಳಿಯಲು ಬಿಡುವುದಿಲ್ಲ. ಮರದಲ್ಲಿ ದೆವ್ವ ಇದೆಯೇ ಎಂದು ಹುಡುಗಿ ಮೊನ್ನೆ ಕೇಳಿದಳು.

ನೀಲವ್ವ ನನ್ನತ್ತ ನೋಡದೆ ಹೇಳಿದಳು: "ಮೊದ್ಲ ಇರ್ಲಿಲ್ಲವ್ವಾ. ನಾನ ತಂದು ಇಟ್ಟೀನಿ."