ಓಸ್ತ್ರಾಸ್ ಅಂದನಂತೆ

ಎಣ್ಣೆ ಸಿಡಿದ ಸದ್ದು, ಹಿಂದೆಯೇ ಆ ಮಾತು, ಓಸ್ತ್ರಾಸ್ — ದೊರಿಂದಾಳ ಕೈಯಲ್ಲಿದ್ದ ಆಲೂಗಡ್ಡೆ ಅರ್ಧ ಸಿಪ್ಪೆಯೊಡನೆ ನಿಂತುಬಿಟ್ಟಿತು, ಒಲೆಯ ಮುಂದೆ ಮೊಮ್ಮಗಳು ಉಷಿಯಾ ಬೆರಳು ಚೀಪುತ್ತಿದ್ದಾಳೆ, ಸುಡ್ತಾ ಕಂದಾ, ಏನಿಲ್ಲ ಅಜ್ಜಿ ಒಂದು ಹನಿ ಅಷ್ಟೇ, ಅಪ್ಪನದೇ ಗಲ್ಲ, ಅಪ್ಪನದೇ ಮಾತು, ಮಗ ಬ್ರೈಸ್ ಹೋದಾಗ ಇವಳಿನ್ನೂ ತೊಟ್ಟಿಲಲ್ಲಿದ್ದಳು, ಯಾರು ಕಲಿಸಿದರು ಇವಳಿಗೆ, ಯಾರೇನು, ತಾನೇ, ಹಾಲು ಉಕ್ಕಿದರೂ ಸೂಜಿ ಚುಚ್ಚಿದರೂ ತನ್ನ ಬಾಯಿಗೆ ಬರುವುದು ಅದೇ ತಾನೆ — ಚಿಕ್ಕವನಿದ್ದಾಗ ಬ್ರೈಸ್ ಬಂದರಿನಿಂದ ಇನ್ನೊಂದನ್ನು ಕಲಿತು ಬಂದಿದ್ದ, ಓಸ್ತಿಯಾ, ಪೂಜೆಯ ರೊಟ್ಟಿಯ ಹೆಸರನ್ನೇ ಬೈಗುಳ ಮಾಡಿಕೊಂಡು ದೋಣಿಯವರು ಬಾಯಿತುಂಬ ಅನ್ನುವುದು, ಪಾದ್ರಿಗಳು ಅಂಗಳದಲ್ಲೇ ಇದ್ದರು, ನಾಚಿಕೆಯಿಂದ ಕಿವಿ ಕಾದಿತ್ತು, ಒಳಗೆ ಎಳೆದೊಯ್ದು ಬಟ್ಟೆ ಸೋಪನ್ನು ನಾಲಿಗೆಗೆ ಉಜ್ಜಿದಳು, ಇನ್ನು ಬಾಯಿಗೆ ಬಂದ್ರೆ ಅರ್ಧದಲ್ಲೇ ತಿರುಗಿಸು, ಓಸ್ತ್ರಾಸ್ ಅನ್ನು, ಕಡಲ ಸಿಂಪಿ ಅಂದ್ರೆ ಯಾರಿಗೂ ಪಾಪ ಇಲ್ಲ, ಹೂಂ ಅಮ್ಮಾ ಎಂದು ನೊರೆ ಉಗುಳಿದ್ದ, ಹಾಗೇ ನಡೆದುಕೊಂಡ, ಮೀಸೆ ಬಂದ ಮೇಲೂ, ಬಂಡೆಗೆ ಕಚ್ಚಿದ ಪೆರ್ಸೆಬೆ ಚಿಪ್ಪುಗಳನ್ನು ಕೀಳಲು ಹಗ್ಗ ಕಟ್ಟಿಕೊಂಡು ಇಳಿಯುವ ಗಂಡಸರ ನಡುವೆಯೂ, ಬಂದ್ರು ನೋಡ್ರೋ ಮಠದ ಸಿಸ್ಟರು ಎಂದು ಅವರು ರೇಗಿಸಿದರೂ — ಬ್ರೈಸ್ ಹೋದ ದಿನ ಅವನ ಜೊತೆಗಾರ ಸೂಸೊ ಈ ಬೆಂಚಿನ ಮೇಲೇ ಕೂತು ಹೇಳಿದ್ದ, ಒದ್ದೆ ಟೋಪಿ ತಿರುಚುತ್ತ, ಹಗ್ಗ ನನ್ನ ಕೈಲೇ ಇತ್ತಮ್ಮಾ, ಅವನು ಬಂಡೆ ಕೆಳಗಿದ್ದ, ಕಾಣ್ತಿರ್ಲಿಲ್ಲ, ಓಸ್ತ್ರಾಸ್ ಅಂದ, ನಾನು ನಕ್ಕೆ, ಸಿಂಪಿ ಸಿಕ್ತೇನೋ ನನಗೂ ಎರಡಿಡು ಅಂದೆ, ಬೂಟಿಗೆ ನೀರು ಹೋದ್ರೂ ಅವನು ಅನ್ನೋದು ಅದೇ ಅಲ್ವಾ, ಬೇರೆಯವರಾಗಿದ್ರೆ ಹೊಲಸು ಬೈದಿರೋರು, ತಕ್ಷಣ ಎಳೀತಿದ್ದೆ, ಅಷ್ಟರಲ್ಲಿ ಅಲೆ ಬಂತು, ಆಮೇಲೆ ಎಳೆದೆ, ತುದಿ ಹರಿದಿತ್ತು, ಹಗ್ಗ ಸುಮ್ನೆ ಬಂದ್ಬಿಡ್ತು ಅಮ್ಮಾ — ಅವನನ್ನು ದೂರಲಿಲ್ಲ ಅವಳು, ಬಿಸಿ ಸಾರು ಕುಡಿಸಿ ಕಳಿಸಿದಳು, ಆದರೆ ಅಂದಿನಿಂದ ಕಿಟಕಿಯಾಚೆ ನೀರು ಬಂಡೆಯಿಂದ ಜಾರಿ ಇಳಿಯುವಾಗಲೆಲ್ಲ ಮಗನ ಅದೇ ಸ್ವರ, ಹೆದರಿಕೆಯೇ ಇಲ್ಲದ್ದು, ಅಮ್ಮನ ಮಾತು ಮೀರದ್ದು — ಉಷಿಯಾ, ಇಲ್ಲಿ ಬಾ, ಸುಟ್ಟಾಗ ಹಾಗನ್ನಬೇಡ, ಇನ್ನೊಂದನ್ನ ಅನ್ನು, ಯಾವುದು ಅಜ್ಜಿ, ಬಂದರಲ್ಲಿ ಅಂತಾರಲ್ಲ ಅದು, ಹುಡುಗಿ ಗೋಡೆಯ ಮೇಲಿನ ಮೇರಿಮಾತೆಯ ಪಟ ನೋಡಿದಳು, ಅದು ಪಾಪ ಅಂತ ನೀನೇ ಹೇಳಿದ್ಯಲ್ಲ, ಪಾಪವೂ ಇಲ್ಲ ಏನೂ ಇಲ್ಲ, ಕೂಗು, ಊರಿಗೆಲ್ಲ ಕೇಳೋ ಹಾಗೆ ಕೂಗು, ಯಾರೋ ಮಗುವಿನ ಭುಜ ಹಿಡಿದು ಅಲುಗಿಸುತ್ತಿದ್ದಾರೆ, ತನ್ನದೇ ಕೈ, ಮಗುವಿನ ತುಟಿ ನಡುಗಿತು, ಬರುತ್ತಿದೆ, ಬಂತು, ಮೆಲ್ಲಗೆ, ಓಸ್ತ್ರಾಸ್ ಅಜ್ಜಿ, ನೋಯ್ತಿದೆ, ಬಿಡು — ಭುಜ ಬಿಟ್ಟಳು, ಕಣ್ಣೆದುರು ಹಗ್ಗ, ಸೂಸೊನ ಕೈಗೆ ಒಂದೊಂದೇ ಮೊಳ ಬರುತ್ತಿದೆ, ಒದ್ದೆ ಹಗ್ಗ, ಭಾರವೇ ಇಲ್ಲದ ಹಗ್ಗ