ರಷ್ಯಕ್ಕೊಂದು ಸಾವು, ಮಿಕ್ಕವರಿಗೊಂದು ಮುತ್ತು

ನಾಟಕದಲ್ಲಿ ಲೆಫ್ಟಿನೆಂಟ್ ತಪ್ಪದೇ ಸಾಯುತ್ತಿದ್ದ. ಕೋಪನ್‌ಹೇಗನ್ನಿನ ಜನ ಮೂರು ಚಳಿಗಾಲ ಅದನ್ನು ನೋಡಿ ಅತ್ತಿದ್ದರು. ಅದೇ ಯುದ್ಧದ ಕಥೆ ಮೂಕಿಚಿತ್ರವಾಗುವಾಗ ಮಾತ್ರ ಎರಡು ಕೊನೆ ಬೇಕಾದವು. ನಾಯಕ ಸಾಯದಿದ್ದರೆ ರಷ್ಯದವರಿಗೆ ಉಂಡ ಅನ್ನ ಅರಗದು. ಉಳಿದ ಲೋಕಕ್ಕೆ ಮುತ್ತೇ ಆಗಬೇಕು.

ದಾದಿಯ ವೇಷದ ಥೋರಾಗೆ ಮುತ್ತಿನ ಚಿಂತೆಯಿರಲಿಲ್ಲ. ಲೆಫ್ಟಿನೆಂಟಾಗಿದ್ದ ಐನರ್ ಮೇಲೆ ಎರಡು ವರ್ಷದಿಂದ ಅವಳಿಗೆ ಮನಸ್ಸು. ಆ ಮಹಾಶಯನಿಗೋ ತಮಾಷೆ ಬಿಟ್ಟು ಬೇರೆ ಮಾತೇ ಬಾರದು. ಇವನು ಎಂದಾದರೂ ಬಾಯಿಬಿಟ್ಟು ಕೇಳುತ್ತಾನೋ ಇಲ್ಲವೋ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು.

ಮೊದಲು ಸಾವು. ಅವಳು ಹೆಣದ ಮೇಲೆ ಬಿದ್ದು ಅಳಬೇಕು. ಹೆಣ ಮೀಸೆ ಅಲ್ಲಾಡಿಸದೆ ಪಿಸುಗುಟ್ಟಿತು: "ಬೆಳಿಗ್ಗೆ ಹೆರಿಂಗ್ ಮೀನು ತಿಂದ್ಯಾ? ಆ ನಾತಕ್ಕೆ ಸತ್ತವನೂ ಎದ್ದು ಓಡ್ತಾನೆ ಕಣೇ."

ಥೋರಾ ಕಿಸಕ್ಕೆಂದಳು. ಎರಡು ಸಲ ಹೀಗೇ ಫಿಲ್ಮು ಹಾಳಾಯಿತು.

ನಿರ್ದೇಶಕ ಕ್ರಾಗ್ ಸ್ಟುಡಿಯೋದ ಗಾಜಿನ ಮಾಡಿನತ್ತ ಕೈ ತೋರಿಸಿ ಅರಚಿದ. "ಬಿಸಿಲು ಹೋಗ್ತಿದೆ! ಇನ್ನೊಂದ್ಸಲ ನಕ್ರೆ ಬೇರೆ ದಾದಿನ ಕರೆಸ್ತೀನಿ!"

ಮೂರನೆಯ ಸಲ ಹೆಣ ಮೆಲ್ಲಗೆ ಹೇಳಿತು. "ನಾಳೆ ಬರ್ಲಿನ್ನಿಗೆ ಹೊರಟೆ, ಥೋರಾ. ಅಲ್ಲಿನ ಕಂಪನಿಗೆ ಸಹಿ ಹಾಕಿದೀನಿ. ಇನ್ನು ಈ ಕಡೆ ಬರಲ್ಲ."

ಈ ಸಲ ಥೋರಾ ನಿಜವಾಗಿಯೇ ಬಿಕ್ಕಿ ಬಿಕ್ಕಿ ಅತ್ತಳು. ಕ್ರಾಗ್ ಕುಣಿದಾಡಿದ.

ಮುಖ ಒರೆಸಿಕೊಳ್ಳಲೂ ಬಿಡದೆ ಅವಳನ್ನು ಮುತ್ತಿನ ದೃಶ್ಯಕ್ಕೆ ನಿಲ್ಲಿಸಿದರು. "ನಗಮ್ಮಾ, ಯುದ್ಧ ಗೆದ್ದು ಬಂದಿದಾನೆ, ನಗು!" ಎಂದು ಕ್ರಾಗ್ ಅಂಗಲಾಚಿದ.

ಐನರ್ ಅವಳನ್ನು ತಬ್ಬಿ ಕಿವಿಯಲ್ಲಿ ಉಸುರಿದ. "ಬರ್ಲಿನ್ನು ಸುಳ್ಳು ಕಣೇ. ಅಳಲಿ ಅಂತ ಹೇಳ್ದೆ."

ಥೋರಾಳ ಮುಖ ಊರಗಲವಾಯಿತು. ಅವಳು ಕೊಟ್ಟ ಮುತ್ತು ಎಷ್ಟು ಉದ್ದವಾಯಿತೆಂದರೆ, ಕ್ಯಾಮೆರಾ ತಿರುಗಿಸುವವನ ಕೈ ಸೋತಿತು.

ಬಿಸಿಲು ಮುಗಿಯಿತು. ಎಲ್ಲರೂ ಕೋಟು ಹುಡುಕುತ್ತ ಹೊರಟರು. ಥೋರಾ ಅವನ ತೋಳು ಹಿಡಿದಳು.

"ನೀ ಹೇಳಿದ ಎರಡರಲ್ಲಿ ಯಾವ್ದು ಸುಳ್ಳು?"

ಐನರ್ ಮೊದಲ ಬಾರಿಗೆ ತಮಾಷೆ ಮಾಡಲಿಲ್ಲ. ಒಳಜೇಬಿನಿಂದ ಬರ್ಲಿನ್ ರೈಲಿನ ಟಿಕೆಟ್ಟು ತೆಗೆದ. ಇದ್ದದ್ದು ಒಂದೇ.

"ಜೊತೆಗೆ ಬಾ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ನೀನು ನಕ್ಕುಬಿಟ್ಟಿದ್ರೆ?"

"ಅಳಿಸೋಕೆ ಮಾತ್ರ ಧೈರ್ಯ ಬಂತು, ಅಲ್ವಾ? ಈಗ ಕೇಳು."

"ಬರ್ತೀಯಾ?"

ಥೋರಾ ಟಿಕೆಟ್ಟು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಇದು ನಂದು. ನೀನೂ ಬರೋದಾದ್ರೆ ಓಡು, ಸ್ಟೇಷನ್ನಿನ ಟಿಕೆಟ್ ಕೌಂಟರ್ ಮುಚ್ಚೋದ್ರೊಳಗೆ ಇನ್ನೊಂದು ತಗೊಂಡು ಬಾ."