ಎಂಜಿನಿಯರ್ ಮಗನ ಬಡ್ಡಿ

ಮುನಿರಾಮಯ್ಯ ಉಪ್ಪಿಟ್ಟಿನ ತಟ್ಟೆಯನ್ನು ಮೊಣಕೈಯಿಂದ ಆಚೆ ತಳ್ಳಿ, ಮಗನ ಜಾತಕವನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲೆ ಲೆಕ್ಕ ಬರೆಯತೊಡಗಿದರು.

“ಎಂಜಿನಿಯರಿಂಗ್ ಐದು ವರ್ಷ. ವರ್ಷಕ್ಕೆ ಆರರಂಗೆ ಮೂವತ್ತು ಸಾವಿರ ಸುರಿದಿದೀನಿ. ಇವತ್ತಿಗೆ ಎಂಟು ವರ್ಷ, ಹನ್ನೆರಡು ಪರ್ಸೆಂಟ್ ಬಡ್ಡಿ. ಐವತ್ತೆಂಟು ಸಾವಿರದ ಎಂಟುನೂರು. ಅರವತ್ತು ಅನ್ನಿ. ನಾನೇನು ವರದಕ್ಷಿಣೆ ಕೇಳ್ತಾ ಇಲ್ಲ ಅಂಜಿನಯ್ಯನೋರೇ. ಹಾಕಿದ ಬಂಡವಾಳ ಕೇಳ್ತಾ ಇದೀನಿ, ಅಷ್ಟೆ.”

ಬಂಡವಾಳ ಗೋಡೆಗೊರಗಿ ಕೂತು ಕೇಸರಿಬಾತಿನ ದ್ರಾಕ್ಷಿ ಹೆಕ್ಕಿ ತಿನ್ನುತ್ತಿತ್ತು. ಅದರ ಹೆಸರು ವೆಂಕಟಸ್ವಾಮಿ.

ಕಾಫಿ ಕೊಡಲು ಬಂದ ಲಿಂಗಮ್ಮ ಅಪ್ಪನ ಮುಖ ನೋಡಿದಳು. ಅಂಜಿನಯ್ಯ ತಲೆಯಾಡಿಸುತ್ತಿದ್ದರು. ಮಿಲ್ಲಿನಲ್ಲಿ ಮೂವತ್ತು ವರ್ಷ ಮೇಸ್ತ್ರಿಗಳ ಮುಂದೆ ಆಡಿಸಿ ಪಳಗಿದ ತಲೆ. ಈಗ ಸುಂಕದಕಟ್ಟೆಯ ಸೈಟು ಮಾರುವುದಕ್ಕೂ ಆಡುತ್ತಿತ್ತು. ಇದ್ದದ್ದೇ ಅದೊಂದು ಸೈಟು. ಅದೂ ಹೋದರೆ ಅಪ್ಪ ಅಮ್ಮನಿಗೆ ಸಾಯುವ ತನಕ ಕುರುಬರಹಳ್ಳಿಯ ಈ ಬಾಡಿಗೆ ವಠಾರವೇ ಗತಿ.

ಸೊಸೈಟಿಯಲ್ಲಿ ಜನರ ಸಾಲಕ್ಕೆ ಬಡ್ಡಿ ಲೆಕ್ಕ ಹಾಕುವುದು ಲಿಂಗಮ್ಮನ ಕೆಲಸ. ಲೋಟಗಳನ್ನು ನೆಲಕ್ಕಿಟ್ಟಳು.

“ಎಲ್ಲಾ ದುಡ್ಡಿಗೂ ಎಂಟು ವರ್ಷದ ಬಡ್ಡಿ ಹೆಂಗಾಗುತ್ತೆ ಸಾರ್? ಮೊದಲ್ನೇ ಫೀಸಿಗೆ ಎಂಟು, ಸರಿ. ಎರಡನೇದಕ್ಕೆ ಏಳು. ಕೊನೇದಕ್ಕೆ ನಾಲ್ಕೇ ವರ್ಷ. ಅಸಲೂ ಬಡ್ಡಿಯೂ ಸೇರಿ ಐವತ್ತೊಂದು ಸಾವಿರದ ಆರುನೂರು.”

“ಸುಮ್ನಿರೇ,” ಅಂದರು ಅಂಜಿನಯ್ಯ.

“ಇವರ ಸಂಬಳ ಎಲ್ಲಿ ಬರೆದ್ರಿ? ಎಂಬತ್ಮೂರರಿಂದ ತಿಂಗಳಿಗೆ ಒಂದೂವರೆ ಸಾವಿರ, ಕವರ್ ಕೂಡ ಒಡೀದೆ ಅಪ್ಪನ ಕೈಗೇ ಕೊಡ್ತಾನೆ ಅಂತ ಈಗ ತಾನೆ ಆಂಟಿ ಹೇಳಿದ್ರಲ್ಲ.”

ಹುಡುಗನ ತಾಯಿ ನರಸಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

“ಮೂರು ವರ್ಷಕ್ಕೆ ಐವತ್ನಾಲ್ಕು ಸಾವಿರ. ಬಂಡವಾಳ ಬಡ್ಡಿ ಸಮೇತ ಯಾವಾಗಲೋ ವಾಪಸ್ ಬಂದಿದೆ ಸಾರ್. ಮೇಲೆ ಎರಡು ಸಾವಿರದ ನಾನೂರು ಲಾಭ.”

“ಅವನ ಊಟದ ಖರ್ಚು?” ಅಂದರು ಮುನಿರಾಮಯ್ಯ.

“ಬರ್ಕೊಳ್ಳಿ. ಹುಟ್ಟಿದಾಗಿಂದ ಕುಡಿದ ಹಾಲಿಂದೂ ಬರ್ಕೊಳ್ಳಿ.”

ವೆಂಕಟಸ್ವಾಮಿ ದ್ರಾಕ್ಷಿ ನುಂಗಿದ. ಇನ್ನೊಂದಕ್ಕೆ ತಟ್ಟೆ ಕೆದಕಿದ.

ಮುನಿರಾಮಯ್ಯ ಅವಳನ್ನೇ ನೋಡುತ್ತ ಕೂತರು. ಕೋಪ ಬರಬೇಕಿದ್ದ ಮುಖದಲ್ಲಿ ನಿಧಾನವಾಗಿ ಇನ್ನೇನೋ ಬಂತು. ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರ ಮುಖದಲ್ಲಿ ಬರುವಂಥದ್ದು.

“ಏನಮ್ಮ, ನಿಂಗೆಷ್ಟು ಬರುತ್ತೆ ತಿಂಗಳಿಗೆ?”

“ಸಾವಿರದ ನೂರು.”

ಪೆನ್ನು ಮತ್ತೆ ಜಾತಕದ ಬೆನ್ನಿಗೆ ಹೋಯಿತು. ಹನ್ನೆರಡರಿಂದ ಗುಣಿಸಿ ಕೆಳಗೆ ಎರಡು ಗೆರೆ ಎಳೆದರು.

“ಅರವತ್ತೂ ಬೇಡ, ಆರೂ ಬೇಡ ಅಂಜಿನಯ್ಯನೋರೇ. ಸೈಟು ನಿಮಗೇ ಇರಲಿ, ಮದುವೆ ಖರ್ಚೂ ನಮ್ದೇ. ಸೊಸೆ ಅಂದ್ರೆ ಇಂಥೋಳು ಕಣ್ರೀ! ಇವಳ ಕವರ್ರೂ ಒಡೀದೆ ನನ್ನ ಕೈಗೆ ಬಂದ್ರೆ ಸಾಕು.”

ಅಂಜಿನಯ್ಯನ ಕಣ್ಣು ತುಂಬಿ ಬಂತು. ಸೈಟು ಉಳಿಯಿತು, ಎಂಜಿನಿಯರ್ ಅಳಿಯನೂ ಸಿಕ್ಕಿದ. ಮಗಳ ಕಡೆ ತಿರುಗಿ ಕೈ ಮುಗಿಯುವುದೊಂದು ಬಾಕಿ.

“ಹೂಂ ಅನ್ನಮ್ಮ.”

“ಆಗಲ್ಲ,” ಅಂದಳು ಲಿಂಗಮ್ಮ. “ನಾನು ಬರಲ್ಲ.”